ಹೋಳಿಗೆ ಊಟಕ್ಕೆ ಯಾವ ವೈನ್?

ಯುಗಾದಿ ಎಲೆಯಲ್ಲಿ ಎಲ್ಲ ರುಚಿಯೂ ಒಟ್ಟಿಗೇ ಬಂದು ಕೂತಿರುತ್ತವೆ, ಅದೇ ತೊಂದರೆ. ಉಪ್ಪಿನ ಪಕ್ಕ ಕೋಸಂಬರಿ, ಅದರಾಚೆ ಮಾವಿನಕಾಯಿ ಚಿತ್ರಾನ್ನ, ನಡುವೆ ತುಪ್ಪ ಸುರಿದ ಹೋಳಿಗೆ, ಅದರ ಕಡೆಗೇ ಹರಿದು ಬರುವ ಹೋಳಿಗೆ ಸಾರು. ವೈನ್ ಬಲ್ಲವರು ಒಂದು ಪದಾರ್ಥಕ್ಕೆ ಒಂದು ಗ್ಲಾಸ್ ಎನ್ನುವ ಲೆಕ್ಕದವರು. ದಾವಣಗೆರೆಯಲ್ಲಿ ನಾವು ಹೋಳಿಗೆ ಮುರಿದ ಕೈಯಲ್ಲೇ ಸಾರನ್ನ ಕಲಸುವವರು.

ಇದನ್ನೆಲ್ಲ ಬೆಂಗಳೂರಲ್ಲಿರುವ ಅಕ್ಕನ ಮಗನಿಗೆ ಹೇಳಿದರೆ ಕೇಳಬೇಕಲ್ಲ. ಹಬ್ಬದ ಮರುದಿನ ಎರಡು ಬಾಟಲಿ ಹಿಡಿದು ಬಂದಿಳಿದ. ಬಿಳಿಯದು ಸಾವಿನ್ಯೋ ಬ್ಲಾಂ, ಕೆಂಪು ಶಿರಾಜ್. ಎರಡೂ ನಂದಿ ಬೆಟ್ಟದ ಕಡೆಯವು.

"ಮಾವ, ಈ ಕಾಲದ ಅಡುಗೆ ಅಂದ್ರೆ ಹಸಿರು, ಹುಳಿ. ಅದಕ್ಕೆ ಬಿಳಿ ವೈನೇ ಸೈ" ಅಂದ.

ಮಾತು ಸುಳ್ಳಲ್ಲ. ಸಾವಿನ್ಯೋ ಬ್ಲಾಂಗೆ ಹುಳಿ ಜಾಸ್ತಿ, ಹಸಿ ಸೊಪ್ಪಿನಂಥ ಘಮ. ನಿಂಬೆಹಣ್ಣು ಹಿಂಡಿದ ಕೋಸಂಬರಿಗೂ ಮಾವಿನಕಾಯಿ ಚಿತ್ರಾನ್ನಕ್ಕೂ ಹೊಂದುತ್ತದೆ. ಅಡುಗೆಯಷ್ಟು ಹುಳಿ ವೈನಿಗಿಲ್ಲದಿದ್ದರೆ ವೈನ್ ಸಪ್ಪೆ ಹೊಡೆಯುತ್ತದೆ. ಹೋಳಿಗೆ ವಿಷಯಕ್ಕೆ ಬಂದಾಗ ಮಾತ್ರ ಹುಡುಗ ಕೈ ಚೆಲ್ಲಿದ. ಸಿಹಿ ತಿನಿಸಿನ ಜೊತೆಗಿನ ವೈನ್ ಅದಕ್ಕಿಂತ ಸಿಹಿಯಾಗಿರಬೇಕು, ಇಲ್ಲದಿದ್ದರೆ ಬಾಯಿಗೆ ಬರೀ ಹುಳಿ. ನನ್ನ ಹೆಂಡತಿ ಹೂರಣಕ್ಕೆ ಸುರಿಯುವ ಬೆಲ್ಲ ನೋಡಿದವರು ಅಂಥ ವೈನ್ ಹುಡುಕಲು ಹೊರಡುವುದಿಲ್ಲ. ಬೇವಿಗಂತೂ ಜೋಡಿಯೇ ಇಲ್ಲ, ಬೆಲ್ಲ ಒಂದನ್ನು ಬಿಟ್ಟು.

ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿರಬೇಕು ಎಂದು ಆ ಬಾಟಲಿಯನ್ನು ಅಟ್ಟಕ್ಕೇರಿಸಿದ. ಆ ರೂಮು ಯುರೋಪಿನದ್ದಪ್ಪಾ, 16ರಿಂದ 18 ಡಿಗ್ರಿ. ನಮ್ಮ ಅಟ್ಟದಲ್ಲಿ ಈಗ ಹಪ್ಪಳ ಒಣಗಿಸಬಹುದು.

ಬಿಳಿಯದು ತಣ್ಣಗಿರಬೇಕು. ಆದರೆ ಫ್ರಿಜ್ ತುಂಬ ಮಿಕ್ಕ ಹೂರಣ, ಸಾರಿನ ಪಾತ್ರೆ, ದೋಸೆ ಹಿಟ್ಟು, ಬೆಣ್ಣೆ ಡಬ್ಬಿ. ಜಾಗ ಸಿಗದೆ ಬಾಟಲಿಯ ಮೂತಿಯ ಹಾಳೆ ಕಿತ್ತು ಫ್ರೀಜರಿಗೆ ತುರುಕಿದ. "ಅರ್ಧ ಗಂಟೆ ಅಷ್ಟೇ ಮಾವ" ಎಂದು ಚಾಪೆ ಹಾಸಿಕೊಂಡ. ಹೋಳಿಗೆ ಉಂಡು ಮಲಗಿದವನ ಅರ್ಧ ಗಂಟೆ ಮುಗಿದಿದ್ದು ದೀಪ ಹಚ್ಚುವ ಹೊತ್ತಿಗೆ.

ವೈನ್ ಹೆಪ್ಪುಗಟ್ಟುವಾಗ ಹಿಗ್ಗಿ ಕಾರ್ಕನ್ನು ಹೊರದಬ್ಬುತ್ತದೆ. ಬಾಗಿಲು ತೆಗೆದರೆ ಕಾರ್ಕ್ ಹೋಗಿ ಐಸ್ ಟ್ರೇಯಲ್ಲಿ ಕೂತಿತ್ತು. ಬಾಟಲಿ ಕೊರಳಿಂದ ತಿಳಿ ಹಳದಿ ಮಂಜು ಇಳಿದು ಬಟಾಣಿ ಪ್ಯಾಕೆಟ್ಟಿನ ಮೇಲೆ ಗಟ್ಟಿಯಾಗಿತ್ತು.

"ಇದೇನ್ರಿ, ಫ್ರಿಜ್ಜೇ ಕುಡ್ದಂಗೈತಿ!" ಅಂದಳು ಹೆಂಡತಿ.

ಅಳಿಯನ ಧೈರ್ಯ ದೊಡ್ಡದು. ಕೆಂಪಾದರೂ ಇದೆಯಲ್ಲ, ತಾರಸಿ ಮೇಲೆ ಮಂಡಕ್ಕಿ ಮೆಣಸಿನಕಾಯಿ ಜೊತೆ ನೋಡೋಣ ಅಂದ. ಕಾರ್ಕ್ ಸ್ಕ್ರೂ ಬೆಂಗಳೂರಿನಲ್ಲೇ ಉಳಿದಿತ್ತು. ಸೌಟಿನ ಹಿಡಿಯಿಂದ ಕಾರ್ಕನ್ನು ಒಳಕ್ಕೇ ದೂಡಿದ. ಬಿಸಿ ಬಜ್ಜಿ ಕಚ್ಚಿದ, ಸ್ಟೀಲ್ ಲೋಟದಿಂದ ಬೆಚ್ಚನೆ ಶಿರಾಜ್ ಒಂದು ಗುಟುಕು ಹಾಕಿದ. ಕೆಂಪು ವೈನಿನ ಒಗರೂ ಆಲ್ಕೋಹಾಲೂ ಖಾರವನ್ನು ಇನ್ನಷ್ಟು ಕೆರಳಿಸುತ್ತವೆ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಮೂಗು ಸೋರಿತು. ಮಾತು ನಿಂತಿತು. ತುಸು ಸಿಹಿ ಇರುವ ತಣ್ಣನೆ ಬಿಳಿ ವೈನಾಗಿದ್ದರೆ ಖಾರ ತಗ್ಗುತ್ತಿತ್ತು ಎಂದು ಆಗ ಹೇಳಿದರೆ ಯಾರಿಗೆ ಬೇಕು?

ಕೊನೆಗೆ ಫ್ರೀಜರಿನ ಮಂಜನ್ನೇ ಚಮಚದಲ್ಲಿ ಕೆರೆದು ತಿಂದೆವು. ಸುಮ್ನೆ ಹೇಳಬಾರದು, ಬಜ್ಜಿಗೆ ಚೆನ್ನಾಗಿಯೇ ಹೊಂದಿತು.

ಬೆಳಿಗ್ಗೆ ಬಸ್ಸಿಗೆ ಹೊರಟವನ ಕೈಗೆ ಹೋಳಿಗೆ ಡಬ್ಬಿ ಕೊಡುತ್ತಾ ಹೆಂಡತಿ ಅಂದಳು: "ಮುಂದಿನ ಯುಗಾದಿಗೆ ಬಾಟ್ಲಿ ಬ್ಯಾಡಪ್ಪ. ಒಂದು ಫ್ರಿಜ್ ತಗೊಂಡು ಬಾ."