ಇನ್‌ಕ್ಲೂಸಿವ್, ಜಿಎಸ್‌ಟಿ ಸೇರಿ

ಫೆಬ್ರುವರಿ ಕೊನೆಗೆ ಬೆಂಗಳೂರಿನ ಹೆಡ್ ಆಫೀಸಿನಿಂದ ಒಂದು ಮೇಲ್ ಬಂತು. ಮಾರ್ಚ್ 8ರೊಳಗೆ ಪ್ರತಿ ಶಾಖೆಯೂ ‘ಇನ್‌ಕ್ಲೂಸಿವ್’ ಆಗಬೇಕು, ಆದದ್ದಕ್ಕೆ ಫೋಟೊ ಕಳಿಸಬೇಕು. ನಮ್ಮ ಬೆಳಗಾವಿ ಶಾಖೆಯ ಸಾಹೇಬರು ಅದನ್ನು ಎರಡೆರಡು ಸಲ ಓದಿ ನನ್ನನ್ನು ಕರೆದರು.

“ಇನ್‌ಕ್ಲೂಸಿವ್ ಅಂದ್ರ ಏನ್ರೀ?”

“ಎಲ್ಲಾ ಸೇರಿ ಅಂತ್ರಿ ಸರ. ಹೋಟೆಲ್ ಬಿಲ್ಲಿನ್ಯಾಗ ಇರತೈತಲ್ರಿ, ಜಿಎಸ್‌ಟಿ ಇನ್‌ಕ್ಲೂಸಿವ್ ಅಂತ.”

ಸಾಹೇಬರ ಮುಖ ಅರಳಿತು. “ಹಂಗಾರ ನಾವು ಮೊದಲಽ ಆಗೇವಲ್ಲ!”

ಸುಳ್ಳಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳ ಕೆಲಸ ಎಂದಿಗೂ ಎಲ್ಲ ಸೇರಿಯೇ ಇರುತ್ತದೆ. ಲೆಕ್ಕದ ಮೇಡಂ ಲೆಕ್ಕ ಬರೆಯುತ್ತಾರೆ. ಸಾಹೇಬರ ಹುಟ್ಟುಹಬ್ಬಕ್ಕೆ ಕೇಕ್ ತರಿಸುವುದು, ಖಂಡೇನವಮಿಗೆ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚುವುದು, ನಿವೃತ್ತರಾದವರ ಹೆಂಡತಿಗೆ ಉಡಿ ತುಂಬುವುದು, ಆಡಿಟಿಗೆ ಬಂದವರಿಗೆ ಕುಂದಾ ಕಟ್ಟಿಸುವುದು, ಇವೆಲ್ಲ ಅದರೊಳಗೇ ಬಂತು. ಪಗಾರ ಒಂದೇ. ಗಂಡಸರದ್ದು ಹಾಗಲ್ಲ, ನಮ್ಮದು ಎಕ್ಸ್‌ಟ್ರಾ. ನಾನು ಹೋದ ವರ್ಷ ಒಂದು ರವಿವಾರ ಬಂದು ಎರಡು ಕಪಾಟು ಫೈಲು ಹೊಂದಿಸಿದ್ದೆ. ಅಪ್ರೈಸಲ್‌ನಲ್ಲಿ ಆ ರವಿವಾರ ಇನ್ನೂ ಮಿನುಗುತ್ತಿದೆ.

ಮಹಿಳಾ ದಿನಾಚರಣೆಗೆಂದು ಐದು ಮಂದಿಯ ಸಮಿತಿ ಆಯಿತು. ಐವರೂ ಗಂಡಸರು. ‘ಅವತ್ತೊಂದಿನಾರ ಹೆಣ್ಣಮಕ್ಕಳು ಆರಾಮ ಇರಲಿ’ ಎಂಬ ಕಳಕಳಿ. ಹೆಣ್ಣುಮಕ್ಕಳು ಮಾಡಬೇಕಾದದ್ದು ಇಷ್ಟೇ: ಮುಂಜಾನೆ ಏಳಕ್ಕೆ ಬಂದು ರಂಗೋಲಿ ಹಾಕುವುದು, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುವುದು, ಪ್ರಾರ್ಥನೆ ಹಾಡುವುದು, ಉಪ್ಪಿಟ್ಟು ಹಂಚುವುದು. ಎಲ್ಲರಿಗೂ ಜಾಂಬಳಿ ಬಣ್ಣದ ಸೀರೆ ಕಡ್ಡಾಯ, ಖರ್ಚು ಅವರವರದು.

ಮುಖ್ಯ ಅತಿಥಿಯಾಗಿ ಹತ್ತಿರದ ಹಳ್ಳಿಯ ಪಂಚಾಯತಿ ಅಧ್ಯಕ್ಷೆಯನ್ನು ಕರೆದಿದ್ದೆವು. ದೇಶಕ್ಕೆಲ್ಲ ಪಂಚಾಯತಿ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ, 1987ರ ಚುನಾವಣೆಯಲ್ಲೇ ಹೆಣ್ಣುಮಕ್ಕಳಿಗೆ ಕಾಲುಭಾಗ ಸೀಟು ಬಿಟ್ಟುಕೊಟ್ಟ ರಾಜ್ಯ ನಮ್ಮದು. ಈಗ ಅರ್ಧಕ್ಕರ್ಧ. ಹೀಗಾಗಿ ಅಧ್ಯಕ್ಷೆಯರಿಗೇನು ಬರವಿಲ್ಲ. ಆದರೆ ಕಾರಿನಿಂದ ಇಳಿದವರು ಅವರ ಯಜಮಾನರು. “ಆಕಿಗೆ ಮನ್ಯಾಗ ಕೆಲಸ ಇತ್ರಿ, ನಾನಽ ಬಂದೆ. ಎರಡೂ ಒಂದಽ ಅಲ್ರಿ?” ಎಂದು ನಕ್ಕರು. ಸಹಿಯನ್ನೂ ಅವರೇ ಮಾಡುತ್ತಾರಂತೆ, ಅಕ್ಷರ ದುಂಡಗೆ.

ಪೇಚಾಟಕ್ಕಿಟ್ಟುಕೊಂಡದ್ದು ಸನ್ಮಾನದ ಹೊತ್ತಿಗೆ. ತಟ್ಟೆಯಲ್ಲಿದ್ದದ್ದು ಇಳಕಲ್ ಸೀರೆ. ಶಾಲು ತರಲು ಯಾರನ್ನಾದರೂ ಓಡಿಸೋಣವೆಂದರೆ ಅತಿಥಿಗಳಿಗೆ ಇನ್ನೆರಡು ಕಡೆ ಮಹಿಳಾ ದಿನವಿತ್ತು. ಕೊನೆಗೆ ಸೀರೆಯನ್ನೇ ಮಡಿಕೆ ಬಿಚ್ಚಿ ಹೆಗಲಿಗೆ ಹೊದಿಸಿದೆವು. ಬಿಳಿ ಅಂಗಿಯ ಮೇಲೆ ಕೆಂಪು ಸೆರಗು ಒಪ್ಪಿತ್ತು, ನಿಜ ಹೇಳಬೇಕೆಂದರೆ. ಹೆಡ್ ಆಫೀಸಿನ ಫಾರ್ಮಿನಲ್ಲಿ ‘ವೇದಿಕೆಯ ಮೇಲೆ ಮಹಿಳಾ ಪ್ರಾತಿನಿಧ್ಯ’ ಎಂಬ ಕಾಲಂ ಇತ್ತು. ಸುಳ್ಳು ಬರೆಯುವುದು ನನ್ನ ಜಾಯಮಾನವಲ್ಲ. ‘ಸೀರೆ: 1’ ಎಂದು ತುಂಬಿದೆ.

ಸಾಹೇಬರು ಭಾಷಣಕ್ಕೆ ನಿಂತರು. “ಇದು ಚನ್ನಮ್ಮನ ನೆಲ!” ಎಂದರು. ಚಪ್ಪಾಳೆ. ಬೆಳಗಾವಿಯಲ್ಲಿ ಈ ಸಾಲಿಗೆ ಚಪ್ಪಾಳೆ ತಟ್ಟದ ಕೈ ಇಲ್ಲ. ಕಿತ್ತೂರು ಒಂದು ತಾಸಿನ ದಾರಿ, ಸರ್ಕಲ್ಲಿಗೇ ಅವ್ವನ ಹೆಸರು. ನನಗೆ ಮಾತ್ರ ಹಿಂದಿನ ತಿಂಗಳು ಇದೇ ಸಾಹೇಬರು ಮಾಡಿದ ಇಂಟರ್‌ವ್ಯೂಗಳು ನೆನಪಾಗಿ, ಚನ್ನಮ್ಮನೇ ಅರ್ಜಿ ಹಿಡಿದು ಬಂದಿದ್ದರೆ ಅನ್ನಿಸಿತು.

“ಯಜಮಾನ್ರು ಏನ್ ಮಾಡ್ತಾರ್ರೀ?”

“ತೀರಿಕೊಂಡಾರ.”

“ಛೆ ಛೆ. ಮನ್ಯಾಗ ಮಕ್ಕಳು?”

“ದತ್ತು ಆಗೇತಿ.”

ಅಲ್ಲಿಗೆ ಫೈಲು ಮುಚ್ಚಿತು. ದತ್ತು ಅಂದರೆ ರಜೆ ಕೇಳುವ ಜನ. ಕಿತ್ತೂರ ಗಾದಿಗೆ ತಂದ ಶಿವಲಿಂಗಪ್ಪನ ದತ್ತಕವನ್ನು ಒಪ್ಪೆವೆಂದು ತಕರಾರು ತೆಗೆದದ್ದು ಅಂದೂ ಕಂಪನಿಯೇ. ಅದು ಈಸ್ಟ್ ಇಂಡಿಯಾ, ಇದು ಪ್ರೈವೇಟ್ ಲಿಮಿಟೆಡ್. 1824ರ ಅಕ್ಟೋಬರ್‌ನಲ್ಲಿ ಕಿತ್ತೂರ ಬಾಗಿಲಿಗೆ ಹೋದ ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬ ತಿರುಗಿ ಬರಲಿಲ್ಲ. ನಮ್ಮ ಸಾಹೇಬರು ಹೆಣ್ಣುಮಕ್ಕಳಿಗೆ ಫೀಲ್ಡ್ ಕೆಲಸ ಕೊಡದಿರುವುದು ಬಹುಶಃ ಅದನ್ನು ನೆನೆದೇ.

ಹಾಗಂತ ಬಡ್ತಿಯಲ್ಲಿ ನಾವು ಭೇದ ಮಾಡುವವರಲ್ಲ. ಗಂಡಸಿಗೆ ಎರಡು ಮಕ್ಕಳಿದ್ದರೆ ಟಿಪ್ಪಣಿಯಲ್ಲಿ ‘ಜವಾಬ್ದಾರಿ ಮನುಷ್ಯ’ ಎಂದು ಬರೆಯುತ್ತೇವೆ. ಹೆಂಗಸಿಗೂ ಅಷ್ಟೇ ಮಕ್ಕಳಿದ್ದರೆ ‘ಜವಾಬ್ದಾರಿ ಬಹಳ’ ಎಂದು. ಶಬ್ದ ಒಂದೇ. ಲೆಕ್ಕದ ಮೇಡಂ ಹದಿನಾಲ್ಕು ವರ್ಷದ ಮೇಲೆ ಬಡ್ತಿ ಕೇಳಿದಾಗ ಧಾರಾಳವಾಗಿ ಕೊಟ್ಟೆವು, ವಿಜಯಪುರಕ್ಕೆ. ಇಲ್ಲಿಂದ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್. ಮಗಳ ಎಸ್ಸೆಸ್ಸೆಲ್ಸಿ ವರ್ಷ, ಅತ್ತೆ ಹಾಸಿಗೆ ಹಿಡಿದಿದ್ದರು. ‘ಸ್ವಇಚ್ಛೆಯಿಂದ ಒಲ್ಲೆ’ ಎಂದು ಬರೆಸಿಕೊಂಡೆವು. ಮುಂದಿನ ವಾರ ಅದೇ ಹುದ್ದೆ ಬೆಳಗಾವಿಯಲ್ಲೇ ಹುಟ್ಟಿತು. ಮೇಡಂ ಕೈಕೆಳಗೆ ಕೆಲಸ ಕಲಿತ ಹುಡುಗನಿಗೆ ಸಿಕ್ಕಿತು. ಪಾಪ, ಜಿಎಸ್‌ಟಿ ರಿಟರ್ನ್ ತುಂಬುವ ದಿನ ಈಗಲೂ ಅವರ ಟೇಬಲ್ ಪಕ್ಕ ಕುರ್ಚಿ ಎಳೆದುಕೊಂಡು ಕೂಡುತ್ತಾನೆ. ‘ಒಲ್ಲೆ’ ಪತ್ರಗಳದ್ದೇ ಒಂದು ದಪ್ಪ ಫೈಲು ನಮ್ಮಲ್ಲಿದೆ. ಹೆಡ್ ಆಫೀಸು ಕೇಳಿದರೆ ತೋರಿಸಲಿಕ್ಕೆ.

2017ರಲ್ಲಿ ಹೆರಿಗೆ ರಜೆ 12 ವಾರದಿಂದ 26ಕ್ಕೆ ಏರಿತು. ಜೊತೆಗೆ 50 ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವೂ ಬೇಕೆಂದಾಯಿತು. ಅಂದಿನಿಂದ ನಮ್ಮಲ್ಲಿ 49 ಜನ. ಒಬ್ಬರು ಸೇರಿದರೆ ಒಬ್ಬರನ್ನು ಕಳಿಸಿ ಸಮತೂಕ ಕಾಯ್ದುಕೊಂಡಿದ್ದೇವೆ.

ತೊಡಕಾದದ್ದು ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿಯದು. 2013ರ ಕಾಯ್ದೆ ಪ್ರಕಾರ ಹತ್ತು ಜನ ಇದ್ದಲ್ಲಿ ಅದು ಇರಲೇಬೇಕು, ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ದಂಡದ ಅಂಕಿ ಓದಿದ ಮೇಲೆ ಸಾಹೇಬರಿಗೆ ಸ್ತ್ರೀಕುಲದ ಮೇಲೆ ಗೌರವ ಹೆಚ್ಚಿತು. ಆದರೆ ಅಧ್ಯಕ್ಷತೆಗೆ ಹಿರಿಯ ಹುದ್ದೆಯ ಮಹಿಳೆಯೇ ಬೇಕು. ಎಲ್ಲಿಂದ ತರುವುದು? ಹಿರಿಯ ಹುದ್ದೆಯವರೆಲ್ಲ ‘ಒಲ್ಲೆ’ ಫೈಲಿನಲ್ಲಿದ್ದಾರೆ. ಸಾಹೇಬರು ‘ಹುದ್ದೆ’ಯನ್ನು ಬಿಟ್ಟು ‘ಹಿರಿಯ’ವನ್ನು ಹಿಡಿದರು. ಇಡೀ ಆಫೀಸಿನಲ್ಲಿ ವಯಸ್ಸಿಗೆ ಹಿರಿಯಳು ಚಹಾ ಮಾಡುವ ಮಾವಶಿ. ಹೀಗೆ ಮಾವಶಿ ಅಧ್ಯಕ್ಷೆಯಾದಳು, ಗೋಡೆಗೆ ಬೋರ್ಡು ಬಂತು.

ಮೊದಲ ಸಭೆಯಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯ ತುದಿಗೆ ಕೂತಳು.

“ಇಲ್ಲೆ ಯಾರರ ತ್ರಾಸು ಹೇಳಕೋಬಹುದೇನ್ರಿ ಸಾಹೇಬ್ರ?”

“ಅದಕ್ಕಽ ಮಾಡೇವಿ ಮಾವಶಿ, ಹೇಳು.”

“ಹೆಣ್ಣಮಕ್ಕಳ ಸಂಡಾಸದ ಕೀಲಿಕೈ ನಿಮ್ಮ ಡ್ರಾಯರಿನ್ಯಾಗ ಐತಿ. ಅದನ್ನ ಕೊಡ್ರಿ. ಬಾಜೂ ಬಿಲ್ಡಿಂಗಿಗೆ ಎಷ್ಟ ದಿನಾ ಹೋಗೂದು?”

ಕೀಲಿಕೈ ಕೊಡುವುದೇನೋ ಸರಳ. ಆದರೆ ಆ ಕೋಣೆಯಲ್ಲಿ ಆರು ವರ್ಷದ ಮಹಿಳಾ ದಿನಾಚರಣೆಯ ಫ್ಲೆಕ್ಸುಗಳು, ಕುರ್ಚಿಗಳು ತುಂಬಿವೆ. ಅವನ್ನೆಲ್ಲಿಡುವುದು? ವಿಷಯ ಅಜೆಂಡಾದಲ್ಲಿ ಇರಲಿಲ್ಲವಾದ್ದರಿಂದ ಮುಂದಿನ ಸಭೆಗೆ ಇಡಲಾಯಿತು. ನಡಾವಳಿ ಬರೆದವನು ನಾನೇ: ‘ಅಧ್ಯಕ್ಷರಿಗೆ ವಂದಿಸಿ, ಚಹಾದೊಂದಿಗೆ ಸಭೆ ಮುಕ್ತಾಯ. ಚಹಾ ಮಾಡಿದವರು: ಅಧ್ಯಕ್ಷರು.’