ಶುಕ್ರವಾರದ ಕಡಲೆಕಾಯಿ

ಹುಡುಗ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದ. ಎದುರಾಳಿ ತಂಡದ ಇಬ್ಬರು ಹಾರಿ ಬಂದು ಅವನನ್ನು ಕೆಡವಿದರು. ಎದ್ದವನು ಕುಂಟುತ್ತಾ ಹೊರಗೆ ನಡೆದ. ಇಷ್ಟನ್ನೂ ನಾನು ಟಿವಿಯ ಮುಂದೆ ಕನ್ನಡಕ ಹಾಕಿಕೊಂಡು ಕೂತು ನೋಡಿದ್ದೇನೆ. ಮರುಗಳಿಗೆಯಲ್ಲಿ ಅದೇ ಹುಡುಗ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕುರ್ಚಿಯಲ್ಲಿ ಕೂತು ನನಗೆ ಹೇಳುತ್ತಾನೆ: "ನಾನು ಓಡುತ್ತಿದ್ದೆ. ಇಬ್ಬರು ಬಂದು ಕೆಡವಿದರು. ತುಂಬಾ ನೋವಾಯಿತು." ಆಮೇಲೆ ಇನ್ನೊಂದು ಕುರ್ಚಿ. ಅದರಲ್ಲಿ ಅವನ ತಾಯಿ: "ಅವನು ಬಿದ್ದದ್ದನ್ನು ನೋಡಿ ನನಗೆ ಸಂಕಟವಾಯಿತು." ಮೂರನೆಯ ಕುರ್ಚಿಯಲ್ಲಿ ತರಬೇತುದಾರ: "ಆ ಹುಡುಗ ಬೀಳಬಾರದಿತ್ತು." ಬಿದ್ದವನು ಒಬ್ಬ, ಬಿದ್ದದ್ದು ಒಂದು ಸಲ. ನಾನು ಮಾತ್ರ ಅದನ್ನು ನಾಲ್ಕು ಸಲ ಅನುಭವಿಸಬೇಕು.

ಇದು ಯಾವುದೋ ಒಂದು ಕಂತಿನ ಕಥೆಯಲ್ಲ, ನಿಜವಾಗಿ ನಡೆದದ್ದನ್ನು ಚಿತ್ರೀಕರಿಸಿ ತೋರಿಸುವ ಈ ಜಾತಿಯ ಕಾರ್ಯಕ್ರಮಗಳ ಹುಟ್ಟುಗುಣ. ನಡೆದದ್ದನ್ನು ತೋರಿಸಿದರೆ ಸಾಲದು, ನಡೆಯಿತು ಎಂದು ಸಾಕ್ಷಿ ಹೇಳಿಸಬೇಕು. ಕೋರ್ಟಿನಲ್ಲಾದರೂ ಎದುರು ವಕೀಲರು ಒಂದು ಪ್ರಶ್ನೆ ಕೇಳುತ್ತಾರೆ. ಇಲ್ಲಿ ಕೇಳುವವರಿಲ್ಲ.

ನಾನು ನೋಡುತ್ತಿದ್ದದ್ದು 'ಟೈಟಲ್‌ಟೌನ್ ಹೈ'. 2021ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದದ್ದು. ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣ ತುದಿಯಲ್ಲಿ, ಫ್ಲೋರಿಡಾ ಗಡಿಗೆ ಹತ್ತಿರವಾಗಿ ವಾಲ್ಡೋಸ್ಟಾ ಎಂಬ ಊರಿದೆ. ಅಲ್ಲಿನ ಹೈಸ್ಕೂಲಿನ ಫುಟ್‌ಬಾಲ್ ತಂಡ 24 ಸಲ ರಾಜ್ಯ ಪ್ರಶಸ್ತಿ ಗೆದ್ದಿದೆ. ಫುಟ್‌ಬಾಲ್ ಎಂದರೆ ಕಲ್ಕತ್ತೆಯವರು ಕಣ್ಣೀರಿಡುವ ಆಟವಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ. ಅದರ ನಿಯಮಗಳನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ವಿವರಿಸಿದವರು ಯಾರೂ ನನಗೆ ಅರ್ಥ ಮಾಡಿಸಿಲ್ಲ, ನಾನು ನಿಮಗೆ ಮಾಡಿಸುವುದು ದೂರದ ಮಾತು.

ಈ ಸರಣಿಯ ನಾಯಕ ಹುಡುಗರಲ್ಲ, ಕೋಚ್. ರಶ್ ಪ್ರಾಪ್ಸ್ಟ್ ಎಂದು ಹೆಸರು. ಈ ಮಹಾಶಯರನ್ನು ಇದಕ್ಕೂ ಮೊದಲೇ ಟಿವಿ ಕಂಡಿದೆ. 2006ರಲ್ಲಿ ಎಂಟಿವಿ ಅಲಬಾಮಾ ರಾಜ್ಯದ ಹೂವರ್ ಎಂಬ ಊರಿನ ಹೈಸ್ಕೂಲ್ ತಂಡದ ಹಿಂದೆ ಕ್ಯಾಮೆರಾ ಹಿಡಿದುಕೊಂಡು ಓಡಾಡಿ 'ಟೂ-ಎ-ಡೇಸ್' ಎಂಬ ಸರಣಿ ಮಾಡಿತು. ಆಗಸ್ಟ್ ಬಿಸಿಲಿನಲ್ಲಿ ದಿನಕ್ಕೆರಡು ಹೊತ್ತು ಅಭ್ಯಾಸ, ಎರಡು ಹೊತ್ತೂ ಬೈಗುಳ. ಆಗಲೂ ಕೋಚ್ ಇವರೇ. 2007ರಲ್ಲಿ ವಿಚಾರಣೆ, ರಾಜೀನಾಮೆ. ಮುಂದೆ ಜಾರ್ಜಿಯಾಕ್ಕೆ ಬಂದರು, ಮತ್ತೆ ಗೆದ್ದರು, 2020ರಲ್ಲಿ ವಾಲ್ಡೋಸ್ಟಾಗೆ ಕೋಚ್ ಆದರು. ಅಲ್ಲಿಗೂ ಕ್ಯಾಮೆರಾ ಬಂತು, ಹಿಂದಿನ ಸರಣಿ ಮಾಡಿದವರೇ ಬಂದರು. 2021ರ ಏಪ್ರಿಲ್‌ನಲ್ಲಿ ಶಾಲಾ ಮಂಡಳಿ ಅವರ ಗುತ್ತಿಗೆಯನ್ನು ನವೀಕರಿಸಲಿಲ್ಲ. ಒಂದು ಸಲ ಕ್ಯಾಮೆರಾದವರನ್ನು ಒಳಗೆ ಬಿಟ್ಟುಕೊಂಡು ಕೆಲಸ ಕಳೆದುಕೊಂಡ ಮನುಷ್ಯ ಎರಡನೆಯ ಸಲವೂ ಬಾಗಿಲು ತೆಗೆದರಲ್ಲ ಎಂದು ನನಗೆ ಆಶ್ಚರ್ಯ. ಕ್ಯಾಮೆರಾದ ತಪ್ಪಿಲ್ಲ ಎನ್ನಿ, ಆದರೂ ನಾನಾಗಿದ್ದರೆ ಹಿತ್ತಲ ಬಾಗಿಲನ್ನೂ ಭದ್ರ ಮಾಡುತ್ತಿದ್ದೆ.

ತಮಾಷೆ ಇನ್ನೂ ಇದೆ. ನಿಯಮ ಮೀರಿ ಆಟಗಾರರನ್ನು ಆಡಿಸಿದರೆಂದು ಜಾರ್ಜಿಯಾದ ಶಾಲಾ ಕ್ರೀಡಾ ಸಂಸ್ಥೆ 2020ರ ಏಳು ಗೆಲುವುಗಳನ್ನು ಕಿತ್ತುಕೊಂಡಿತು. ಅಂದರೆ ಪರದೆಯ ಮೇಲೆ ಊರಿಗೆ ಊರೇ ಕುಣಿದ ಗೆಲುವುಗಳು ಕಡತದಲ್ಲಿ ಸೋಲುಗಳು. ಕುರ್ಚಿಯಲ್ಲಿ ಕೂತು "ಅವತ್ತು ಗೆದ್ದೆವು" ಎಂದು ಗದ್ಗದಿತರಾದವರನ್ನು ಮತ್ತೆ ಕರೆಸಿ, "ಇಲ್ಲ, ಸೋತಿದ್ದೆವು" ಎಂದು ಹೇಳಿಸಬೇಕಿತ್ತು. ಸಾಕ್ಷಿಯ ಮೇಲೆ ಅಷ್ಟು ಪ್ರೀತಿ ಇದ್ದವರು ಆ ಕೆಲಸ ಮಾಡಲಿಲ್ಲ.

ಹದಿನಾರು, ಹದಿನೇಳು ವರ್ಷದ ಹುಡುಗರ ಆಟಕ್ಕೆ ಒಂದು ಊರು ಹೀಗೆ ಏಕೆ ಮುಗಿಬೀಳುತ್ತದೆ? ವಾಲ್ಡೋಸ್ಟಾದ ಆ ಶಾಲಾ ಮೈದಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಅದಕ್ಕೆ ಇಟ್ಟಿರುವ ಹೆಸರು ಬೇಜ್‌ಮೋರ್-ಹೈಡರ್, ಇಬ್ಬರು ಹಳೆಯ ಕೋಚ್‌ಗಳದ್ದು. ನಮ್ಮಲ್ಲಿ ಇಂಥ ಗೌರವಕ್ಕೆ ಮಂತ್ರಿಯಾದರೂ ಆಗಿರಬೇಕು. ಇನ್ನು ಈ ಶಾಲಾ ಪಂದ್ಯಗಳು ನಡೆಯುವ ಶುಕ್ರವಾರ ರಾತ್ರಿಯ ಮಾತು. 1961ರಲ್ಲಿ ಅಮೆರಿಕದ ಸಂಸತ್ತು ಮಾಡಿ, 1966ರಲ್ಲಿ ಶಾಲಾ ಪಂದ್ಯಗಳಿಗೂ ಹಿಗ್ಗಿಸಿದ ಕಾಯಿದೆಯ ದೆಸೆಯಿಂದ, ಶಾಲಾ ಪಂದ್ಯಗಳ ಋತುವಿನಲ್ಲಿ ವೃತ್ತಿಪರ ಫುಟ್‌ಬಾಲಿನವರು ಶುಕ್ರವಾರ ರಾತ್ರಿಯ ಪ್ರಸಾರದಿಂದ ದೂರ ಉಳಿದರು. ಕೋಟಿಗಟ್ಟಲೆ ಡಾಲರಿನ ವ್ಯಾಪಾರ ಶಾಲೆಯ ಹುಡುಗರಿಗೆ ದಾರಿ ಬಿಟ್ಟು ನಿಂತಿತು. ಈ ಹುಚ್ಚು ಎಲ್ಲಿಂದ ಬಂತು ಎಂಬುದಕ್ಕೆ ನನ್ನ ಬಳಿ ಒಂದು ವಿವರಣೆ ಇದೆ. ಹೇಳುತ್ತೇನೆ. ಅದಕ್ಕೂ ಮೊದಲು ಕಡಲೆಕಾಯಿಯ ವಿಷಯ.

ನನ್ನ ತಂಗಿ ಇರುವುದು ಅದೇ ದಕ್ಷಿಣ ಜಾರ್ಜಿಯಾದ ಇನ್ನೊಂದು ಸಣ್ಣ ಊರಿನಲ್ಲಿ. ಅವಳ ಮಗಳು ಹೈಸ್ಕೂಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಫುಟ್‌ಬಾಲ್ ಪಂದ್ಯದ ಮಧ್ಯದ ವಿರಾಮದಲ್ಲಿ ಸಮವಸ್ತ್ರ ತೊಟ್ಟು, ತಲೆಗೆ ಗರಿಯ ಟೋಪಿ ಇಟ್ಟುಕೊಂಡು, ಸಾಲುಸಾಲಾಗಿ ನಡೆಯುತ್ತಾ ನುಡಿಸುವ ಬ್ಯಾಂಡ್. ಆ ಟೋಪಿ, ಸಮವಸ್ತ್ರ, ವಾದ್ಯ, ಬಸ್ಸಿನ ಖರ್ಚು ಇವಕ್ಕೆಲ್ಲ ದುಡ್ಡು ಹೊಂದಿಸುವುದು ಮಕ್ಕಳ ಅಪ್ಪ ಅಮ್ಮಂದಿರ ಹಣೆಬರಹ. ಅದಕ್ಕಾಗಿ ಮೈದಾನದ ಪಕ್ಕದಲ್ಲಿ ತಿಂಡಿಯ ಮಳಿಗೆ ನಡೆಸುತ್ತಾರೆ. ನಾನು ಅಲ್ಲಿಗೆ ಹೋಗಿದ್ದಾಗ ತಂಗಿಯ ಸರದಿ ಬಂದಿತ್ತು. "ಅಕ್ಕ, ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡುತ್ತೀಯ, ಬಾ" ಎಂದು ಎಳೆದುಕೊಂಡು ಹೋದಳು. ಸಾಸೇಜ್ ಮುಟ್ಟುವುದಿಲ್ಲ ಎಂದದ್ದಕ್ಕೆ ನನ್ನನ್ನು ಕಡಲೆಕಾಯಿಯ ಪಾತ್ರೆಯ ಮುಂದೆ ನಿಲ್ಲಿಸಿದರು.

ಬೇಯಿಸಿದ ಕಡಲೆಕಾಯಿ! ನಾನು ಪಾವಗಡದ ಕಡೆಯವಳು. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಫಲಕ ಬೆಳೆದಿದೆ, ನಾನು ಹುಡುಗಿಯಾಗಿದ್ದಾಗ ಕಡಲೆಕಾಯಿ ಬೆಳೆಯುತ್ತಿತ್ತು, ಮಳೆ ಬಂದರೆ. ಗಿಡ ಕಿತ್ತು ಮಣ್ಣು ಕೊಡವಿ ರಾಶಿ ಹಾಕಿದ ಸಂಜೆ ಹಸಿಕಾಯಿಯನ್ನು ತೊಳೆದು, ಹಂಡೆಗೆ ಸುರಿದು, ಕೈತುಂಬ ಕಲ್ಲುಪ್ಪು ಎಸೆದು ಬೇಯಿಸುತ್ತಿದ್ದರು. ನೀರು ಬಸಿದು ಮೊರಕ್ಕೆ ಹಾಕಿದರೆ ಹಬೆಯಾಡುತ್ತಿರುವಾಗಲೇ ಖಾಲಿ. ಕಾಳು ಬೆಂದಿರಬೇಕು, ಆದರೆ ಹಲ್ಲಿಗೆ ಕೊಂಚ ಬಿಗಿ ಸಿಗಬೇಕು. ಸಿಪ್ಪೆ ಬೆರಳಿಗೆ ಅಂಟದೆ ಬಿಚ್ಚಿಕೊಳ್ಳಬೇಕು. ಈ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿಲ್ಲ.

ಹೇಳಿದರು. ಮಳಿಗೆಯ ಹಿರಿಯಳು, ಮೊಮ್ಮಕ್ಕಳ ಬ್ಯಾಂಡಿಗೂ ದುಡಿಯುತ್ತಿದ್ದ ಅಜ್ಜಿ, ಕಾಯಿಗಳನ್ನು ಬೆಳಗಿನಿಂದ ಉಪ್ಪುನೀರಿನಲ್ಲಿ ಕುದಿಸುತ್ತಲೇ ಇದ್ದಳು. ಬೆಳಗಿನಿಂದ! ನಾನು ಮುಚ್ಚಳ ತೆಗೆದು ನೋಡಿದರೆ ಕಂದು ನೀರಿನಲ್ಲಿ ಕಪ್ಪಗಾದ ಕಾಯಿಗಳು ಮುಳುಗಿ ಕೂತಿದ್ದವು. ಒಂದನ್ನು ಒತ್ತಿದರೆ ಉಪ್ಪುನೀರು ಚಿಮ್ಮಿ ಮೊಣಕೈವರೆಗೆ ಹರಿಯಿತು. ಒಳಗಿನ ಕಾಳು ಹುರುಳಿಯಂತೆ ಮೆತ್ತಗಾಗಿತ್ತು. "ಇದು ಆಗಲೇ ಬೆಂದಿದೆಯಲ್ಲ" ಎಂದೆ. ಅಜ್ಜಿ ನನ್ನನ್ನು ಕನಿಕರದಿಂದ ನೋಡಿ, "ಇನ್ನೂ ಒಂದು ಗಂಟೆ ಬೇಕು" ಎಂದಳು. ನಮ್ಮಲ್ಲಿ ಕುಕ್ಕರಿನಲ್ಲಿ ಮೂರು ಸೀಟಿಗೆ ಮುಗಿಸುತ್ತೇವೆ ಎಂದು ತಂಗಿಯಿಂದ ಹೇಳಿಸಿದೆ. ತಂಗಿ ಅದನ್ನು ಪೂರ್ತಿ ಹೇಳಿದಳೋ ಇಲ್ಲವೋ, ಅಜ್ಜಿ ಮಾತ್ರ ಪಾತ್ರೆಯನ್ನು ನನ್ನಿಂದ ಒಂದು ಗೇಣು ದೂರ ಸರಿಸಿದಳು.

ಆ ಅಜ್ಜಿಯ ಹಟಕ್ಕೆ ದೊಡ್ಡ ಹಿನ್ನೆಲೆಯೇ ಇದೆ. ಅಮೆರಿಕ ಬೆಳೆಯುವ ಕಡಲೆಕಾಯಿಯಲ್ಲಿ ಸುಮಾರು ಅರ್ಧ ಜಾರ್ಜಿಯಾದ್ದೇ. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅಲ್ಲಿನ ಪ್ಲೇನ್ಸ್ ಎಂಬ ಹಳ್ಳಿಯ ಕಡಲೆಕಾಯಿ ರೈತರಾಗಿದ್ದರು. ಈ ಬೆಳೆ ಮೂಲತಃ ದಕ್ಷಿಣ ಅಮೆರಿಕದ್ದು. ಅದು ಆಫ್ರಿಕಾಕ್ಕೆ ಹೋಗಿ, ಗುಲಾಮರನ್ನು ತುಂಬಿದ ಹಡಗುಗಳ ಜೊತೆ ಉತ್ತರ ಅಮೆರಿಕಕ್ಕೆ ಬಂತು. ಬೇಯಿಸಿ ತಿನ್ನುವ ರೂಢಿಯೂ ಆ ಗುಲಾಮರ ಕೈಯಿಂದಲೇ ಬಂದದ್ದು ಎನ್ನುತ್ತಾರೆ. ಗುಲಾಮಳ ಮಗನಾಗಿ ಹುಟ್ಟಿದ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1916ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಕೂತು ಕಡಲೆಕಾಯಿಯನ್ನು 105 ಬಗೆಯಲ್ಲಿ ಅಡುಗೆ ಮಾಡುವ ಕೈಪಿಡಿ ಹೊರತಂದರು. ಅದೇ ಅಲಬಾಮಾದ ಎಂಟರ್‌ಪ್ರೈಸ್ ಎಂಬ ಊರಿನಲ್ಲಿ ನಡುಬೀದಿಯಲ್ಲಿ ಒಂದು ಸ್ಮಾರಕವಿದೆ, 1919ರದ್ದು. ಅದು ಹತ್ತಿ ತಿನ್ನುವ ಕೀಟದ ಸ್ಮಾರಕ. ಆ ಕೀಟ ಹತ್ತಿಯನ್ನು ಹಾಳು ಮಾಡಿದ್ದರಿಂದ ರೈತರು ಕಡಲೆಕಾಯಿ ಹಾಕಿ ಉದ್ಧಾರವಾದರಂತೆ, ಅದಕ್ಕೆ ಕೃತಜ್ಞತೆ. ಹೂವರ್ ಊರಿನ ಫುಟ್‌ಬಾಲ್ ಹುಡುಗರ ಮೇಲೆ ಎರಡು ಋತು ಸರಣಿ ಮಾಡಿದ ಟಿವಿಯವರಿಗೆ, ಅದೇ ರಾಜ್ಯದಲ್ಲಿ ಹುಳುವಿಗೆ ಕಂಬ ನಿಲ್ಲಿಸಿ ನಮಸ್ಕಾರ ಹಾಕಿದ ಊರು ಕಾಣಿಸಲಿಲ್ಲ. ಕೀಟವನ್ನು ಕುರ್ಚಿಯಲ್ಲಿ ಕೂರಿಸಿ ಮಾತನಾಡಿಸುವುದು ಕಷ್ಟ ಎಂದಿರಬೇಕು.

ಮಳಿಗೆಗೆ ಬರೋಣ. ಅದರ ಕಿಟಕಿ ಇದ್ದದ್ದು ಮೈದಾನಕ್ಕೆ ಬೆನ್ನು ಹಾಕಿ, ವಾಹನ ನಿಲ್ಲಿಸುವ ಜಾಗದ ಕಡೆಗೆ. ಹಾಗಾಗಿ ನಾನು ನೋಡಲು ಹೋದ ಏಕೈಕ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಪೂರ್ತಿಯಾಗಿ ಕಿವಿಯಿಂದ ನೋಡಿದೆ. ಹೋ ಎಂಬ ಕೂಗು, ಸೀಟಿ, ಧ್ವನಿವರ್ಧಕದಲ್ಲಿ ಯಾರದೋ ಹೆಸರು, ಮತ್ತೆ ಹೋ. ಜನ ಎದ್ದು ತಿಂಡಿಗೆ ಬರುವುದು ಮಧ್ಯದ ವಿರಾಮದಲ್ಲಿ. ಬ್ಯಾಂಡು ನುಡಿಸುವುದೂ ಅದೇ ವಿರಾಮದಲ್ಲಿ. ಹೀಗಾಗಿ ಬ್ಯಾಂಡಿನ ಸಮವಸ್ತ್ರಕ್ಕೆಂದು ಮಳಿಗೆಯಲ್ಲಿ ನಿಂತ ತಾಯಂದಿರಿಗೆ ಬ್ಯಾಂಡನ್ನು ನೋಡುವ ಭಾಗ್ಯವಿಲ್ಲ. ಕಿಟಕಿಯ ಮುಂದೆ ಸಾಲು ಬೆಳೆಯುತ್ತಿತ್ತು. ತಂಗಿ ಒಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತಾ, ಇನ್ನೊಂದರಲ್ಲಿ ಸೌಟು ಹಿಡಿದು ಕಾಗದದ ಲೋಟಕ್ಕೆ ಕಾಯಿ ಸುರಿಯುತ್ತಾ, ಬೆನ್ನ ಹಿಂದಿನಿಂದ ಬರುತ್ತಿದ್ದ ಡ್ರಮ್ಮಿನ ಸದ್ದಿಗೆ ಗಲ್ಲ ಆಡಿಸುತ್ತಿದ್ದಳು. "ಈಗ ಕ್ಲಾರಿನೆಟ್ಟಿನ ಸಾಲು ಎಡಕ್ಕೆ ತಿರುಗಿತು ಅಕ್ಕ" ಎಂದಳು, ತಲೆಯೆತ್ತದೆ. ಸ್ವಲ್ಪ ಹೊತ್ತಾದ ಮೇಲೆ, "ಈಗ ಇವಳು ಮುಂದೆ ಬಂದಳು." ಗಿರಾಕಿಯೊಬ್ಬ ನಾಚೋಸ್‌ಗೆ ಚೀಸ್ ಕಡಿಮೆಯಾಯಿತು ಎಂದು ತಕರಾರು ತೆಗೆದ. ಅದನ್ನೂ ವಿಚಾರಿಸಿಕೊಂಡಳು.

ಸರಣಿಯಲ್ಲಿ ನಾನು ಹುಡುಕುತ್ತಿದ್ದದ್ದು ಆ ಕಿಟಕಿಯನ್ನು. ಕಂತಿನ ಮೇಲೆ ಕಂತು ಕಾದೆ. ಕೋಚ್ ಕೂಗಿದ್ದು ಬಂತು, ಹುಡುಗರ ಪ್ರೇಮ ಪ್ರಸಂಗಗಳು ಬಂದವು, ಕುರ್ಚಿಗಳಂತೂ ಬಂದೇ ಬಂದವು. ಮೀಸೆ ಸರಿಯಾಗಿ ಮೂಡದ ಹುಡುಗ ತನ್ನ ಹುಡುಗಿಯ ಬಗ್ಗೆ ಏನೋ ತೊದಲುತ್ತಾನೆ, ಅದನ್ನು ಜಗತ್ತಿನ ಅಷ್ಟೂ ದೇಶಗಳಲ್ಲಿ ಜನ ಚಿಪ್ಸ್ ತಿನ್ನುತ್ತಾ ನೋಡುತ್ತಾರೆ. ನಾಳೆ ಅವನಿಗೆ ಮೂವತ್ತಾಗುತ್ತದೆ, ಹೆಂಡತಿ ಮಕ್ಕಳು ಇರುತ್ತಾರೆ, ತೊದಲು ಹಾಗೇ ಉಳಿದಿರುತ್ತದೆ. ಇದಕ್ಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ದೊಡ್ಡವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿ ಸಿಟ್ಟು ಬರುತ್ತದೆ. ಗೆಲುವನ್ನು ಕಡತದಿಂದ ತೆಗೆಯಲು ಒಂದು ಸಂಸ್ಥೆ ಇದೆ, ಈ ತೊದಲನ್ನು ತೆಗೆಯಲು ಯಾವ ಸಂಸ್ಥೆಯೂ ಇಲ್ಲ.

ಊರಿನ ಹುಚ್ಚಿನ ವಿವರಣೆ ಕೊಡುತ್ತೇನೆ ಎಂದಿದ್ದೆನಲ್ಲ. ಕಡಲೆಕಾಯಿ ಶುರುಮಾಡುವಾಗ ಅದು ತಕ್ಕಮಟ್ಟಿಗೆ ಗಟ್ಟಿಯಾಗಿಯೇ ಇತ್ತು. ಹತ್ತಿ, ರೈಲು, ಚರ್ಚು, ಬೇಸಿಗೆಯ ಧಗೆ ಎಲ್ಲವನ್ನೂ ಅದಕ್ಕೆ ಜೋಡಿಸಿದ್ದೆ. ಈಗ ಮತ್ತೆ ಕೈಗೆತ್ತಿಕೊಂಡರೆ ಬಿಡಿಬಿಡಿಯಾಗಿ ಉದುರುತ್ತಿದೆ. ಹೋಗಲಿ ಬಿಡಿ.

ಬ್ಯಾಂಡನ್ನು ಈ ಸರಣಿಯವರು ಏಕೆ ತೋರಿಸುವುದಿಲ್ಲ ಎಂಬುದಕ್ಕಾದರೂ ಕಾರಣ ಸಿಗಲಿ ಎಂದು ಮೊನ್ನೆ ಫೋನಿನಲ್ಲಿ ತಂಗಿಯ ಮಗಳನ್ನೇ ಕೇಳಿದೆ. ಆಟಗಾರರ ದರ್ಪ, ಬಣ್ಣ, ವರ್ಗ, ಹೆಲ್ಮೆಟ್ಟಿನ ಮುಂದೆ ಕ್ಲಾರಿನೆಟ್ಟಿಗೆ ಬೆಲೆಯಿಲ್ಲದಿರುವುದು ಎಂದೆಲ್ಲ ನಾನೇ ಎಳೆ ಹಿಡಿದುಕೊಟ್ಟೆ.

"ಅದೇನಿಲ್ಲ ದೊಡ್ಡಮ್ಮ" ಎಂದಳು. "ನಾವು ನುಡಿಸುವುದೆಲ್ಲ ಯಾರದೋ ಹಾಡು. ಟಿವಿಯಲ್ಲಿ ಹಾಕಿದರೆ ಅವರಿಗೆ ದುಡ್ಡು ಕೊಡಬೇಕು. ಅದಕ್ಕೇ ಇರಬೇಕು."

ಇರಬಹುದು. ಆದರೆ ಕಡಲೆಕಾಯಿ ಬೇಯಿಸುವುದಕ್ಕೆ ಯಾರ ಹಕ್ಕುಸ್ವಾಮ್ಯವೂ ಇಲ್ಲವಲ್ಲ, ಅದನ್ನಾದರೂ ಎರಡು ನಿಮಿಷ ತೋರಿಸಬಹುದಿತ್ತು ಎಂದೆ. ಹುಡುಗಿ ನಕ್ಕು ಫೋನನ್ನು ಅಮ್ಮನ ಕೈಗೆ ಕೊಟ್ಟಳು. ತಂಗಿ ಅವಸರದಲ್ಲಿದ್ದಳು. ಈ ಸಲ ಅವಳನ್ನು ನಾಚೋಸ್‌ಗೆ ಹಾಕಿದ್ದಾರಂತೆ.