ಅಕ್ಕೋರೇ, ಮೊಟ್ಟೆ ಸ್ವಲ್ಪ ಮೇಲೆ ಹಿಡೀರಿ

ಅಮೆರಿಕದ ಫಿಲಡೆಲ್ಫಿಯಾ ಊರಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ದುಡ್ಡಿಲ್ಲ. ಪುಸ್ತಕಗಳೆಲ್ಲ ಹಳೆಯವು, ಕಾರಿಡಾರಿನ ದೀಪ ಮಿಣಮಿಣ ಅನ್ನುತ್ತದೆ, ಟೀಚರ್‌ಗಳು ಮಾತ್ರ ಪಾಪ ಒಳ್ಳೆಯವರು. ಇಂಥ ಶಾಲೆಗೆ ಒಂದು ಡಾಕ್ಯುಮೆಂಟರಿ ತಂಡ ಬಂದು ದಿನವಿಡೀ ಕ್ಯಾಮೆರಾ ಹಿಡಿದು ಹಿಂದೆ ಮುಂದೆ ಓಡಾಡುತ್ತದೆ ಅನ್ನೋದು ‘ಅಬಾಟ್ ಎಲಿಮೆಂಟರಿ’ ಧಾರಾವಾಹಿಯ ಕತೆ. 2021ರ ಡಿಸೆಂಬರ್‌ನಲ್ಲಿ ಎಬಿಸಿ ಚಾನೆಲ್‌ನಲ್ಲಿ ಶುರುವಾಯಿತು. ಇದನ್ನು ಹುಟ್ಟುಹಾಕಿ, ಜಾನೀನ್ ಎಂಬ ಟೀಚರ್ ಪಾತ್ರವನ್ನೂ ಮಾಡಿದವರು ಕ್ವಿಂಟಾ ಬ್ರನ್ಸನ್. ಅವರ ತಾಯಿ ಸ್ವತಃ ಟೀಚರ್ ಆಗಿದ್ದವರು. ಶಾಲೆಗೆ ಇಟ್ಟ ಹೆಸರೂ ಕ್ವಿಂಟಾಗೆ ಚಿಕ್ಕಂದಿನಲ್ಲಿ ಕಲಿಸಿದ ಟೀಚರ್‌ ಹೆಸರೇ. 2022ರಲ್ಲಿ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು. ನೋಡಿ ಮಾರಾಯ್ರೆ, ಶಾಲೆಯಲ್ಲಿ ಏನೂ ಇಲ್ಲ ಅಂತ ಬರೆದದ್ದಕ್ಕೆ ಅಲ್ಲಿ ಪ್ರಶಸ್ತಿ. ಇಲ್ಲಿ ಅದನ್ನೇ ಬರೆದರೆ ಕಾರಣ ಕೇಳಿ ನೋಟಿಸ್.

ಇದನ್ನು ಕನ್ನಡಕ್ಕೆ ತಂದರೆ ಹೇಗೆ ಅಂತ ಯಾರಾದರೂ ಯೋಚಿಸುತ್ತಿದ್ದರೆ ದಯವಿಟ್ಟು ಬೆಂಗಳೂರಲ್ಲಿ ಸೆಟ್ ಹಾಕಬೇಡಿ, ನಮ್ಮ ಉತ್ತರ ಕನ್ನಡಕ್ಕೆ ಬನ್ನಿ. ಒಂದೇ ಕಂದಾಯ ಜಿಲ್ಲೆಯಲ್ಲಿ ಕಾರವಾರ ಮತ್ತು ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆಗಳಿವೆ, ಅಂದರೆ ಸುತ್ತೋಲೆ ಕಳಿಸುವವರಿಗೇನೂ ಕೊರತೆಯಿಲ್ಲ. ಕಡಲು ಬೇಕೆಂದರೆ ಕಡಲು, ಘಟ್ಟ ಬೇಕೆಂದರೆ ಘಟ್ಟ. ಸೋರುವ ಹೆಂಚಿಗೆ ಬಾಡಿಗೆ ಕೊಡಬೇಕಾಗಿಲ್ಲ.

ಮೊದಲ ತೊಂದರೆ ಪಾತ್ರವರ್ಗದ್ದು. ಅಬಾಟ್ ಶಾಲೆಯಲ್ಲಿ ಹೊಸ ಹುರುಪಿನ ಜಾನೀನ್ ಇದ್ದಾಳೆ, ಎಲ್ಲ ನೋಡಿ ಪಳಗಿದ ಬಾರ್ಬರಾ ಇದ್ದಾರೆ, ಯಾವ ಸಾಮಾನು ಬೇಕಾದರೂ ‘ನನಗೊಬ್ಬ ಗೊತ್ತು’ ಅಂತ ತರಿಸಿಕೊಡುವ ಮೆಲಿಸಾ ಇದ್ದಾಳೆ. ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಾ ಜೋಕ್ ಹೊಡೆಯುತ್ತಾರೆ. ನಮ್ಮಲ್ಲಿ ಜೊಯಿಡಾ, ಯಲ್ಲಾಪುರ ಕಡೆ ಏಕೋಪಾಧ್ಯಾಯ ಶಾಲೆ ಹುಡುಕಿಕೊಂಡು ಹೋದರೆ ಸ್ಟಾಫ್ ರೂಮೂ ಇಲ್ಲ, ಸ್ಟಾಫೂ ಇಲ್ಲ. ಇರುವ ಒಬ್ಬ ಅಕ್ಕೋರು (ನಮ್ಮ ಕಡೆ ಟೀಚರಮ್ಮನನ್ನು ಕರೆಯುವುದೇ ಹಾಗೆ) ಒಂದರಿಂದ ಐದನೇ ಕ್ಲಾಸಿನವರೆಗೆ ಒಂದೇ ಕೋಣೆಯಲ್ಲಿ ಕಲಿಸಬೇಕು. ಅವರೇ ಪ್ರಭಾರಿ ಹೆಡ್ ಮಾಸ್ತರು. ಧಾರಾವಾಹಿಯ ಪ್ರಿನ್ಸಿಪಾಲ್ ಅವಾ ಮೇಲಧಿಕಾರಿಯ ಗುಟ್ಟೊಂದನ್ನು ಹಿಡಿದು, ಬೆದರಿಸಿ ಹುದ್ದೆ ಗಿಟ್ಟಿಸಿದವಳು. ಇಲ್ಲಿ ಅಷ್ಟೆಲ್ಲ ಕಷ್ಟ ಪಡಬೇಕಿಲ್ಲ. ಬೇರೆ ಯಾರೂ ಇಲ್ಲದಿದ್ದರೆ ಸಾಕು, ಹುದ್ದೆ ತಾನಾಗೇ ಮೈಮೇಲೆ ಬೀಳುತ್ತದೆ. ಆಮೇಲೆ ಏಕವ್ಯಕ್ತಿ ಯಕ್ಷಗಾನದ ಹಾಗೆ ಎಲ್ಲ ಪಾತ್ರ ಒಬ್ಬರದ್ದೇ. ಶಿಕ್ಷಕರ ಸಭೆ ಕರೆಯುವವರೂ ಅವರೇ, ಹಾಜರಾಗುವವರೂ ಅವರೇ, ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಅಂತ ಬರೆಯುವವರೂ ಅವರೇ. (ಸರ್ವಾನುಮತ ಅಂತೂ ಸುಳ್ಳಲ್ಲ.)

ಭಾಷೆಯದ್ದು ಇನ್ನೊಂದು ಮಜಾ. ಕಾರವಾರದ ಕಡೆ ಹುಡುಗ ಕೊಂಕಣಿಯಲ್ಲಿ ಕೇಳುತ್ತಾನೆ, ಅಕ್ಕೋರು ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಇಬ್ಬರ ವಿವರವನ್ನೂ ತುಂಬಬೇಕಾದ ಆ್ಯಪ್ ಇಂಗ್ಲಿಷಿನಲ್ಲಿ ‘ಎರರ್’ ಅನ್ನುತ್ತದೆ. ಸಬ್‌ಟೈಟಲ್ ಬರೆಯುವವನಿಗೆ ಕೈತುಂಬ ಕೆಲಸ.

ಆದರೆ ಅಸಲಿ ವಿಷಯ ಇರುವುದು ಕ್ಯಾಮೆರಾದಲ್ಲಿ. ಅಬಾಟ್‌ನಲ್ಲಿ ಏನಾದರೂ ಎಡವಟ್ಟು ಆದಾಗ ಟೀಚರ್‌ಗಳು ಮಾತಾಡುವುದಿಲ್ಲ, ಮೆಲ್ಲಗೆ ಕ್ಯಾಮೆರಾ ಕಡೆ ತಿರುಗಿ ‘ನೋಡಿದಿರಾ ನಮ್ಮ ಅವಸ್ಥೆ’ ಅನ್ನುವ ಹಾಗೆ ಒಂದು ನೋಟ ಕೊಡುತ್ತಾರೆ. ಅರ್ಧ ನಗು ಆ ನೋಟದಿಂದಲೇ ಬರುವುದು. ನಮ್ಮ ಅಕ್ಕೋರೂ ಹಾಗೆ ನೋಡೋಣ ಅಂದರೆ ಕ್ಯಾಮೆರಾ ಅವರ ಕೈಯಲ್ಲೇ ಇದೆ, ಮಾಡಿದ್ದಕ್ಕೆಲ್ಲ ಸಾಕ್ಷಿಗೆ ಇಲಾಖೆಗೆ ಫೋಟೋ ಕಳಿಸಬೇಕಲ್ಲ! ಅಲ್ಲಿಯವರಿಗೆ ಪುಗಸಟ್ಟೆ ಒಂದು ತಂಡ ಸಿಕ್ಕಿದೆ. ಇಲ್ಲಿ ನಟನೆ, ಛಾಯಾಗ್ರಹಣ, ಎಡಿಟಿಂಗ್, ಅಪ್‌ಲೋಡ್ ಎಲ್ಲ ಒಬ್ಬರೇ, ಅದೂ ತಮ್ಮ ಮೊಬೈಲಿನಲ್ಲಿ, ತಮ್ಮ ರೀಚಾರ್ಜಿನಲ್ಲಿ.

ಒಂದು ದಿನದ ಶೂಟಿಂಗ್ ನೋಡಿ. ಬೆಳಿಗ್ಗೆ ಸಂವಿಧಾನ ಪೀಠಿಕೆ ಓದುವಾಗ ಒಂದು ಫೋಟೋ. ಹಾಲು ಕುಡಿಯುವಾಗ ಒಂದು. ಆಮೇಲೆ ಮೊಟ್ಟೆ. ಮಗು ಮೊಟ್ಟೆ ತಿಂದರೆ ಸಾಲದು, ತಿನ್ನುವುದಕ್ಕೆ ಮುಂಚೆ ಎತ್ತಿ ಹಿಡಿಯಬೇಕು, ಮುಖವೂ ಕಾಣಬೇಕು, ಮೊಟ್ಟೆಯೂ ಕಾಣಬೇಕು, ಹಿಂದಿನ ಗೋಡೆಯ ಮೇಲೆ ಬರೆದ ಶಾಲೆಯ ಹೆಸರೂ ಕಾಣಬೇಕು. ಹಸಿದ ಹುಡುಗ ಅಷ್ಟು ಹೊತ್ತು ಕಾಯುತ್ತಾನಾ? ಫೋಟೋ ತೆಗೆಯುವಷ್ಟರಲ್ಲಿ ಕೈಯಲ್ಲಿ ಅರ್ಧ ಮೊಟ್ಟೆ. ಈಗ ಅರ್ಧ ಮೊಟ್ಟೆಯ ಫೋಟೋ ಹಾಕಿದರೆ ಮಿಕ್ಕ ಅರ್ಧ ಎಲ್ಲಿ ಅಂತ ಕೇಳುತ್ತಾರೆ ಅನ್ನುವ ಹೆದರಿಕೆಗೆ ಅಕ್ಕೋರು ಪಕ್ಕದವನ ಮೊಟ್ಟೆಯನ್ನು ಇವನ ಕೈಗೆ ಕೊಟ್ಟು ಮತ್ತೊಂದು ಟೇಕ್ ತೆಗೆಯುತ್ತಾರೆ. ಪಕ್ಕದವನು ಅಳುತ್ತಾನೆ. ಒಂದು ಮೊಟ್ಟೆಗೆ ಸರ್ಕಾರದ ಲೆಕ್ಕ ಆರು ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸಿಪ್ಪೆ ಸುಲಿಯುವುದು ಎಲ್ಲ ಅದರೊಳಗೇ. ಅಳು ನಿಲ್ಲಿಸುವ ಖರ್ಚು ಯಾವ ಆದೇಶದಲ್ಲೂ ಇಲ್ಲ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಶಿರಸಿ, ಸಿದ್ದಾಪುರ ಕಡೆ ಶಾಲೆಯ ಬೇಲಿಯಾಚೆಯ ಅಡಿಕೆ ತೋಟದಲ್ಲಿ ಗೊನೆ ಹಣ್ಣಾಗಿ ನೇತಾಡುತ್ತಿರುತ್ತದೆ, ತೋಟದ ಹೆಗಡೆಯವರು ‘ತಗಳ್ಳಿ ಅಕ್ಕೋರೇ’ ಅಂತ ಕೊಡಲೂ ತಯಾರು. ಆದರೆ ಹೆಗಡೆಯವರ ಹತ್ತಿರ ಬಿಲ್ ಪುಸ್ತಕ ಇಲ್ಲವಲ್ಲ. ಅದಕ್ಕೆ ಪೇಟೆಗೆ ಹೋಗಿ, ಬಹುಶಃ ಅದೇ ತೋಟದಿಂದ ಹೋದ ಹಣ್ಣನ್ನು ಬಿಲ್ ಸಮೇತ ವಾಪಸ್ ತರಬೇಕು.

ಜೂನ್ 5ಕ್ಕೆ ಪರಿಸರ ದಿನದ ವಿಶೇಷ ಕಂತು. ಸುತ್ತ ಎತ್ತ ನೋಡಿದರೂ ಪಶ್ಚಿಮ ಘಟ್ಟದ ಕಾಡು. ಅದರ ನಡುವೆ ಶಾಲೆಯ ಅಂಗಳದಲ್ಲಿ ಹನ್ನೊಂದು ಮಕ್ಕಳು ಒಂದು ಗಿಡ ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದಾರೆ. ಹೋದ ವರ್ಷದ ಗಿಡವನ್ನು ದನ ತಿಂದ ಗುಂಡಿಯಲ್ಲೇ ಈ ವರ್ಷದ ಗಿಡ. ಗುಂಡಿ ತೋಡುವ ಕೆಲಸವಾದರೂ ಉಳಿಯಿತು. ಜೂನ್ 21ಕ್ಕೆ ಯೋಗ ದಿನ. ದೆಹಲಿಯವರು ಮೈದಾನದಲ್ಲಿ ಚಾಪೆ ಹಾಸಿಕೊಂಡು ಮಾಡುತ್ತಾರೆ, ನಮ್ಮ ಕರಾವಳಿಯಲ್ಲಿ ಆ ಹೊತ್ತಿಗೆ ಮೈದಾನ ಕೆರೆಯಾಗಿರುತ್ತದೆ. ಹಾಗಾಗಿ ಜಗಲಿಯ ಮೇಲೆ ಬಕೆಟ್ ಇಟ್ಟ ಜಾಗಗಳನ್ನು ಬಿಟ್ಟು ಉಳಿದ ಕಡೆ ಪ್ರಾಣಾಯಾಮ.

ತೆಗೆದದ್ದಾಯಿತು. ಕಳಿಸಬೇಕಲ್ಲ? ‘ಇಂದು ಸಂಜೆ ನಾಲ್ಕು ಗಂಟೆಯೊಳಗೆ ಜಿಪಿಎಸ್ ಫೋಟೋ ಹಾಕಿ, ಅತಿ ಜರೂರು’ ಅಂತ ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂದಿರುತ್ತದೆ. ಜಿಪಿಎಸ್ ಫೋಟೋ ಅಂದರೆ ತೆಗೆದ ಜಾಗದ ಮ್ಯಾಪೂ ಜೊತೆಗೆ ಅಚ್ಚಾಗಿರುವ ಫೋಟೋ. ಬಂದದ್ದು ಅಕ್ಕೋರಿಗೆ ಗೊತ್ತಾಗುವುದು ನಾಲ್ಕೂವರೆಗೆ, ಶಾಲೆ ಬಿಟ್ಟು ಗುಡ್ಡದ ಮೇಲಿನ ಆ ಒಂದು ಕಲ್ಲಿನ ಹತ್ತಿರ ಬಂದಾಗ. ಅಲ್ಲಿ ನಿಂತರೆ ಎರಡು ಕಡ್ಡಿ ನೆಟ್‌ವರ್ಕ್. ಶಾಲೆಯಲ್ಲಿ ಫೋಟೋ ತೆಗೆದರೆ ಮ್ಯಾಪ್ ಬರುವುದಿಲ್ಲ, ಗುಡ್ಡದ ಮೇಲೆ ತೆಗೆದರೆ ಶಾಲೆ ಬರುವುದಿಲ್ಲ. ಎರಡೂ ಒಟ್ಟಿಗೆ ಬರಬೇಕಾದರೆ ಶಾಲೆಯನ್ನೇ ಗುಡ್ಡಕ್ಕೆ ಸಾಗಿಸಬೇಕು, ಅದಕ್ಕೆ ಅನುದಾನ ಇಲ್ಲ. ಒಂದು ವಿಚಿತ್ರ ಹೇಳಲೇಬೇಕು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ಆದೇಶ ಮಾತ್ರ ಒಂದು ಕಡ್ಡಿಯೂ ಇಲ್ಲದ ಊರಿಗೂ ರಾತ್ರೋರಾತ್ರಿ ತಲುಪಿ, ಬೆಳಿಗ್ಗೆ ಒಬ್ಬ ಹುಡುಗನೂ ಶಾಲೆ ಕಡೆ ಸುಳಿಯುವುದಿಲ್ಲ. ಈ ತಂತ್ರಜ್ಞಾನ ಯಾವುದು ಅಂತ ಟೆಲಿಕಾಂ ಕಂಪನಿಯವರು ಆ ಹುಡುಗರ ಹತ್ತಿರವೇ ಕೇಳಿ ತಿಳಿದುಕೊಂಡರೆ ಒಳ್ಳೆಯದು.

ದುಡ್ಡಿನ ವಿಷಯಕ್ಕೆ ಬರೋಣ. ಅಬಾಟ್‌ನ ಮೊದಲ ಕಂತಿನಲ್ಲಿ ಜಾನೀನ್‌ಗೆ ಕ್ಲಾಸಿಗೊಂದು ಹೊಸ ಜಮಖಾನ ಬೇಕು, ಯಾಕೆಂದರೆ ಹಳೆಯದರ ಮೇಲೆ ಒಬ್ಬ ಹುಡುಗ ಉಚ್ಚೆ ಹೊಯ್ದಿದ್ದಾನೆ. ಶಾಲೆಗೆ 3,000 ಡಾಲರ್ ಬರುತ್ತದೆ. ಪ್ರಿನ್ಸಿಪಾಲ್ ಅದರಲ್ಲಿ ಶಾಲೆಯ ಮುಂದೆ ತನ್ನ ಮುಖ ಇರುವ ಬೋರ್ಡ್ ಹಾಕಿಸುತ್ತಾಳೆ. ಅಮೆರಿಕದವರಿಗೆ ಇದು ತಮಾಷೆಯಂತೆ. ನಮಗೆ ಇದರಲ್ಲಿ ನಗುವುದು ಎಲ್ಲಿ ಅಂತಲೇ ತಿಳಿಯಲಿಲ್ಲ. ಬಸ್ ತಂಗುದಾಣದ ಮೇಲೆ, ರಂಗಮಂದಿರದ ಮೇಲೆ, ಶೌಚಾಲಯದ ಮೇಲೂ ಶಾಸಕರ ಹೆಸರು ಓದುತ್ತಾ ಬೆಳೆದವರು ನಾವು. ಕೋಣೆ ಸೋರಬಹುದು, ಅದರ ಉದ್ಘಾಟನೆಯ ಗ್ರಾನೈಟ್ ಕಲ್ಲು ಎಷ್ಟು ಮಳೆ ಹೊಡೆದರೂ ಜಗ್ಗುವುದಿಲ್ಲ. ಶಾಲೆಯ ಫ್ಯಾನಿಗೆ ಮೂರು ರೆಕ್ಕೆ. ಒಂದರ ಮೇಲೆ ಅಜ್ಜನ ಸ್ಮರಣಾರ್ಥ, ಇನ್ನೊಂದರ ಮೇಲೆ ಅಜ್ಜಿಯ ಸ್ಮರಣಾರ್ಥ, ಮೂರನೆಯದರ ಮೇಲೆ ಕೊಟ್ಟವರ ಹೆಸರು. ಫ್ಯಾನ್ ತಿರುಗುವಾಗ ಒಂದೂ ಓದಲಿಕ್ಕಾಗುವುದಿಲ್ಲ. ಆದರೆ ನಮ್ಮಲ್ಲಿ ಮಳೆಗಾಲವಿಡೀ ಕರೆಂಟ್ ಇರುವುದೇ ಅಷ್ಟಕ್ಕಷ್ಟೆ, ಒಂದನೇ ಕ್ಲಾಸಿನವರು ಒತ್ತಕ್ಷರ ಕಲಿಯುವುದೇ ಆ ರೆಕ್ಕೆ ನೋಡಿ.

ದಾನಿಗಳ ವಿಷಯದಲ್ಲೂ ನಾವು ಹಿಂದೆ ಬಿದ್ದಿಲ್ಲ. ಜಾನೀನ್ ಸಾಮಾನು ಬೇಕು ಅಂತ ವಿಡಿಯೋ ಮಾಡಿ ಬೇಡುವ ಕಂತೊಂದಿದೆ. ನಮ್ಮ ಇಲಾಖೆ 2022ರ ಅಕ್ಟೋಬರ್‌ನಲ್ಲಿ ವಿಡಿಯೋ ಗಿಡಿಯೋ ರಗಳೆಯೇ ಬೇಡ ಅಂತ, ಸರ್ಕಾರಿ ಶಾಲೆಯ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಎಸ್‌ಡಿಎಂಸಿಗಳಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗಳಿಗೆ, ಸುತ್ತೋಲೆ ಹೊರಡಿಸಿತ್ತು. ಕೂಲಿಗೆ ಹೋಗುವ ಅಪ್ಪ ಅಮ್ಮ ಉಚಿತ ಶಿಕ್ಷಣಕ್ಕೆ ಸ್ವಂತ ಇಚ್ಛೆಯಿಂದ ದುಡ್ಡು ಕೊಡಬೇಕಿತ್ತು. ಗದ್ದಲ ಎದ್ದು ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸ್ ಹೋಯಿತು. ಪಾಪ, ಅದಕ್ಕೂ ಯಾರೋ ಕೂತು ಕರಡು ಬರೆದಿದ್ದರಲ್ಲ.

ಇಷ್ಟರ ನಡುವೆ ಪಾಠ ಯಾವಾಗ ಅಂತ ಕೇಳಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ 27ನೇ ಸೆಕ್ಷನ್ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಇಷ್ಟಕ್ಕೆ ಮಾತ್ರ ವಿನಾಯಿತಿ. ಕಾಯ್ದೆ ಬರೆದವರು ಬಾಗಿಲು ಹಾಕಿದರು, ಸಣ್ಣ ಕಿಂಡಿ ಬಿಟ್ಟರು, ಆ ಕಿಂಡಿಯಲ್ಲಿ ಎಲ್ಲ ಇಲಾಖೆಗಳೂ ಒಳಗೆ ಬಂದು ಕೂತವು. 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ 60 ಪ್ರಶ್ನೆ ಹಿಡಿದುಕೊಂಡು ಮನೆಮನೆ ಸುತ್ತಿದವರು ಶಿಕ್ಷಕರೇ. ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಮಕ್ಕಳ ಮಟ್ಟಿಗೆ ಅದು ಆ ವರ್ಷದ ಅತ್ಯಂತ ಯಶಸ್ವಿ ಶೈಕ್ಷಣಿಕ ಕಾರ್ಯಕ್ರಮ. ಘಟ್ಟದ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಎಷ್ಟು ದೂರ, ನಡುವೆ ಎಷ್ಟು ಹಳ್ಳ, ಎಷ್ಟು ಕಾಲುಸಂಕ, ಎಷ್ಟು ನಾಯಿ ಅನ್ನೋದು ಆ 60 ಪ್ರಶ್ನೆಗಳಲ್ಲಿ ಇರಲಿಲ್ಲ.

ಹಾಗಾಗಿ ನಿರ್ಮಾಪಕರೇ, ಹೊಸದಾಗಿ ಶೂಟಿಂಗ್ ಮಾಡುವ ಖರ್ಚೇ ಇಲ್ಲ. ಎಲ್ಲ ದೃಶ್ಯಗಳೂ ಈಗಾಗಲೇ ತೆಗೆದಾಗಿದೆ, ಅಕ್ಷಾಂಶ ರೇಖಾಂಶ ಸಮೇತ ಯಾವುದೋ ಸರ್ವರಿನಲ್ಲಿ ಬಿದ್ದಿವೆ, ಯಾರೂ ತೆರೆದು ನೋಡಿಲ್ಲ. ಜೋಡಿಸಿ ಒಟಿಟಿಗೆ ಹಾಕಿದರೆ ಮುಗಿಯಿತು. ಒಂದೇ ಹೆದರಿಕೆ. ಧಾರಾವಾಹಿ ಬಂದ ಮರುದಿನವೇ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ: ಎಲ್ಲ ಶಿಕ್ಷಕರು ಸದರಿ ಹಾಸ್ಯ ಧಾರಾವಾಹಿಯನ್ನು ಕಡ್ಡಾಯವಾಗಿ ವೀಕ್ಷಿಸಿ, ವೀಕ್ಷಿಸುತ್ತಿರುವ ಜಿಪಿಎಸ್ ಫೋಟೋವನ್ನು ಇಂದೇ ಅಪ್‌ಲೋಡ್ ಮಾಡುವುದು. ನಕ್ಕವರ ಸಂಖ್ಯೆಯನ್ನು ಗಂಡು, ಹೆಣ್ಣು, ಒಟ್ಟು ಎಂದು ಲಗತ್ತಿಸಿದ ನಮೂನೆಯಲ್ಲಿ ತುಂಬುವುದು. ಯಾರೂ ನಗದಿದ್ದಲ್ಲಿ ‘ಶೂನ್ಯ’ ಎಂದು ನಮೂದಿಸಿ ವರದಿ ಸಲ್ಲಿಸತಕ್ಕದ್ದು.